ಕಂಬಳಿ ಕೊಟ್ಟು ಬಾಗಿಲಲ್ಲೇ ವಾಪಸ್ ಬರಬೇಡಿ

ಡಿಸೆಂಬರ್ ಬಂತು ಅಂದರೆ ನಮ್ಮ ಚಿಕ್ಕಮಗಳೂರಿನಲ್ಲಿ ಕಂಬಳಿ ಹಂಚುವ ಕೆಲಸ ಶುರುವಾಗುತ್ತೆ. ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿ ಜಗಲಿ ಮೇಲೆ ಮಲಗುವವರಿಗೆ ಅದು ಬೇಕೇ ಬೇಕು. ಹಂಚುವವರ ಮೇಲೆ ನನಗೆ ಗೌರವ ಇದೆ. ಆದರೆ ತಲೆ ಮೇಲೆ ಸೂರು ಇದ್ದೂ ಚಳಿಗೆ ನರಳುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಇಲ್ಲಿ ಹಳೇ ಹೆಂಚಿನ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಎಷ್ಟೋ ಕಡೆ ಒಬ್ಬರೇ. ಮೂಡಿಗೆರೆ, ಆಲ್ದೂರು, ಕೊಪ್ಪ, ಯಾವ ಕಡೆ ಹೋದರೂ ಇಂಥ ಮನೆಗಳಿವೆ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಕಾಫಿ ಕುಯ್ಯೋಕೆ ಬಂದವರಿದ್ದಾರೆ, ಎಳೆ ಕೂಸುಗಳ ಸಮೇತ. ಮೇಲೆ ತಗಡಿನ ಶೀಟು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಅದು ತಣ್ಣಗಾಗುತ್ತೆ, ಒಳಗೂ ಹೊರಗೂ ವ್ಯತ್ಯಾಸವೇ ಇರುವುದಿಲ್ಲ.

ಇಂಥವರಿಗೆ ಸಹಾಯ ಮಾಡಬೇಕು ಅನ್ನಿಸಿದರೆ ದಯವಿಟ್ಟು ಒಳಗೆ ಹೋಗಿ ಅವರು ಮಲಗುವ ಜಾಗ ನೋಡಿ.

ನಮ್ಮ ಬೀದಿಯಲ್ಲೇ ಒಬ್ಬರು ಅಜ್ಜಿ ಇದ್ದಾರೆ. ಹೊದೆಯಲು ಮೂರು ಕಂಬಳಿ ಇತ್ತು, ಮೂರೂ ಯಾರ್‍ಯಾರೋ ಕೊಟ್ಟಿದ್ದು. ಕೆಳಗೆ ಮಾತ್ರ ಒಂದೇ ಒಂದು ಚಾಪೆ, ಅದರಡಿ ಗಾರೆ ನೆಲ. ಅದೂ ಹೊರಗಿನ ಗೋಡೆಗೆ ಒತ್ತಿ ಹಾಸಿದ್ದು, ಕೈ ಇಟ್ಟರೆ ಗೋಡೆ ಒದ್ದೆ ಒದ್ದೆ. "ಎಷ್ಟು ಹೊದ್ರೂ ಬೆನ್ನು ತಣ್ಣಗೇ ಇರುತ್ತೆ ಮಗಾ, ವಯಸ್ಸಾಯ್ತಲ್ಲ" ಅಂದರು. ವಯಸ್ಸಿನ ವಿಷಯ ಅಲ್ಲ ಅಜ್ಜಿ, ನೆಲ ಅಂತ ಹೇಳಿ, ಮೂರರಲ್ಲಿ ಒಂದು ಕಂಬಳಿಯನ್ನು ಕೆಳಗೆ ಹಾಕಿದೆವು. ಅದರಡಿಗೆ ಒಣಗಿದ ಗೋಣಿಚೀಲ ನಾಲ್ಕೈದು ಮಡಿಕೆ. ಕಾಫಿ ಊರಿನಲ್ಲಿ ಗೋಣಿಚೀಲಕ್ಕೇನು ಬರ? ಗೋಡೆಯಿಂದ ಹಾಸಿಗೆ ಸ್ವಲ್ಪ ಈಚೆ ಎಳೆದೆವು. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ಸುತ್ತಿ ಇಟ್ಟೆವು. ಆಮೇಲೆ ಅಟ್ಟದಲ್ಲಿ ಬಿದ್ದಿದ್ದ ಮಂಚವನ್ನು ಇಳಿಸಿದೆವು. ಒಂದು ರೂಪಾಯಿ ಖರ್ಚಿಲ್ಲ. ಆದರೆ ಅಷ್ಟು ದಿನ ಯಾರೂ ಒಳಗೆ ಬಂದು ನೋಡಿರಲಿಲ್ಲ ಅನ್ನೋದೇ ನನಗೆ ಬೇಜಾರು.

ಈಗ ಕೆಂಡದ ವಿಷಯ. ಇದನ್ನು ಓದದೆ ಮುಂದೆ ಹೋಗಬೇಡಿ.

ಮಲೆನಾಡಿನಲ್ಲಿ ಅಗ್ಗಿಷ್ಟಿಕೆ ಹೊಸದೇನಲ್ಲ. ಆದರೆ ಹಿಂದಿನ ಮನೆಗಳಲ್ಲಿ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗಿನದು ಆರ್‌ಸಿಸಿ ಕೋಣೆ, ಗಾಜಿನ ಕಿಟಕಿ, ಎಲ್ಲ ಬಿಗಿ. ಬಚ್ಚಲ ಒಲೆಯ ಕೆಂಡವನ್ನು ಬಾಣಲೆಗೆ ತುಂಬಿಕೊಂಡು ಒಳಗೆ ಇಟ್ಟು, ಬಾಗಿಲು ಹಾಕಿ ಮಲಗುತ್ತಾರೆ. ಕೇಳಿದರೆ "ಹೊಗೆ ಎಲ್ಲ ಹೋದ ಮೇಲೇ ತಂದಿದ್ದೀವಿ" ಅನ್ನುತ್ತಾರೆ. ಅಲ್ಲೇ ಅಪಾಯ ಇರುವುದು. ಹೊಗೆ ಇದ್ದರೆ ಕೆಮ್ಮು ಬರುತ್ತೆ, ಕಣ್ಣು ಉರಿಯುತ್ತೆ, ಎದ್ದು ಬಾಗಿಲು ತೆಗೆಯುತ್ತೀರಿ. ಹೊಗೆಯಿಲ್ಲದ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಉಸಿರು ಆಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಎಚ್ಚರ ಇದ್ದರೆ ತಲೆನೋವು, ತಲೆ ಸುತ್ತು, ವಾಂತಿ ಬಂದು ಗೊತ್ತಾಗಬಹುದು. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗಿದ ಇಡೀ ಕುಟುಂಬ ಬೆಳಗ್ಗೆ ಏಳಲಿಲ್ಲ ಅನ್ನೋ ಸುದ್ದಿ ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವಲ್ಲ, ಅದು ಇದೇ.

ಬೆಂಕಿ ಕಾಯಿಸಿಕೊಳ್ಳಿ, ಬೇಡ ಅನ್ನಲ್ಲ. ಅಂಗಳದಲ್ಲಿ, ಜಗಲಿಯಲ್ಲಿ ಕೂತು ಕಾಯಿಸಿಕೊಳ್ಳಿ. ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಕಿಟಕಿ ಸ್ವಲ್ಪ ತೆರೆದಿದ್ದೀವಿ ಅನ್ನೋ ಧೈರ್ಯವೂ ಬೇಡ. ಬಾತ್‌ರೂಮ್ ಒಳಗಿನ ಗ್ಯಾಸ್ ಗೀಸರ್‌ಗೂ ಇದೇ ಮಾತು, ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ಯಾರಾದರೂ ಹೀಗೆ ಮಂಕಾಗಿ ಬಿದ್ದಿದ್ದರೆ ಮೊದಲು ಬಾಗಿಲು ಕಿಟಕಿ ಪೂರ್ತಿ ತೆಗೆದು, ಅವರನ್ನು ಹೊರಗೆ ತಂದು, 108ಕ್ಕೆ ಫೋನ್ ಮಾಡಿ.

ಹಾಗಾದರೆ ಹೀಟರ್ ತಂದುಕೊಡೋಣ ಅಂತ ಬೆಂಗಳೂರಿನ ಮಕ್ಕಳು ಕೇಳುತ್ತಾರೆ. ತಂದುಕೊಡಿ, ಆದರೆ ಅಪ್ಪ ಅಮ್ಮ ಅದನ್ನು ಹಾಕುತ್ತಾರಾ ಅಂತಲೂ ನೋಡಿ. 2000 ವ್ಯಾಟಿನ ಹೀಟರ್ ಒಂದು ಗಂಟೆ ಓಡಿದರೆ 2 ಯೂನಿಟ್. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಅಂದುಕೊಂಡವರು ತುಂಬ ಜನ. ಹಾಗಲ್ಲ. ಹಿಂದೆ ಅವರು ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಮಾತ್ರ ಉಚಿತ. ಎರಡೇ ಬಲ್ಬು ಉರಿಸುವ ಮುದುಕರಿಗೆ ಹೀಟರ್ ಹಾಕಿದ ತಿಂಗಳು ಬಿಲ್ ಬಂದೇ ಬರುತ್ತೆ. ಒಂದು ಸಲ ಬಿಲ್ ನೋಡಿದರೆ ಹೀಟರ್ ಮೂಲೆ ಸೇರುತ್ತೆ. ಅದಕ್ಕೇ ಹೀಟರ್ ಕೊಡಿಸುವವರು ಆ ಬಿಲ್ಲನ್ನೂ ನಾವೇ ಕಟ್ಟುತ್ತೇವೆ ಅಂತ ಹೇಳಿ, ಕಟ್ಟಿ.

ಬಿಸಿನೀರಿನ ಬ್ಯಾಗು ಒಳ್ಳೆಯದು. ಆದರೆ ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ಎಷ್ಟೋ ಸಲ ಸ್ಪರ್ಶವೇ ಇರಲ್ಲ, ಸುಟ್ಟರೂ ತಿಳಿಯಲ್ಲ. ಬಟ್ಟೆ ಸುತ್ತಿ, ಮಲಗುವ ಮುಂಚೆ ಹಾಸಿಗೆ ಬೆಚ್ಚಗೆ ಮಾಡಿ, ಮಲಗುವಾಗ ತೆಗೆದುಬಿಡಿ. ಕಾಲಿಗೆ ಉಣ್ಣೆ ಸಾಕ್ಸ್, ತಲೆಗೆ ಟೋಪಿ ಸಾಕು.

ಇನ್ನೊಂದು ವಿಷಯ ನಾವು ಕೇಳುವುದೇ ಇಲ್ಲ, ಅವರು ನಾಚಿಕೆಗೆ ಹೇಳುವುದೂ ಇಲ್ಲ. ಕಕ್ಕಸು ಮನೆ ಹೊರಗಿದೆ. ರಾತ್ರಿ ಮಂಜಿನಲ್ಲಿ ಎದ್ದು ಹೋಗಬೇಕಲ್ಲ ಅಂತ ಸಂಜೆ ಮೇಲೆ ನೀರೇ ಕುಡಿಯದ ಅಜ್ಜಿಯರು ಎಷ್ಟೋ ಜನ. ಹೋಗಿ ಇಬ್ಬನಿಗೆ ಜಾರಿ ಸೊಂಟ ಮುರಿದುಕೊಂಡವರೂ ಇದ್ದಾರೆ. ಒಳಗೇ ಒಂದು ಕಮೋಡ್ ಕುರ್ಚಿ ಇಟ್ಟರೆ ಆಯಿತು. ಅದು ಆಗದಿದ್ದರೆ ದಾರಿಗೆ ಲೈಟು, ಹಿಡಿದುಕೊಳ್ಳಲು ಒಂದು ಗಳ.

ವಯಸ್ಸಾದವರ ಮೈಗೆ ಚಳಿ ತಟ್ಟಿದ್ದು ಬೇಗ ಗೊತ್ತಾಗುವುದಿಲ್ಲ, ನಡುಕವೂ ಕಡಿಮೆ. ಮೈಯ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ (95 ಫ್ಯಾರನ್‌ಹೀಟ್) ಕೆಳಗೆ ಇಳಿದರೆ ಅಪಾಯ. ಮಾತು ತೊದಲುವುದು, ಗೊತ್ತುಗುರಿ ಇಲ್ಲದ ಮಾತು, ಸುಮ್ನೆ ತೂಕಡಿಸುವುದು, ಕಂಬಳಿಯೊಳಗೂ ಹೊಟ್ಟೆ ತಣ್ಣಗಿರುವುದು ಕಂಡರೆ ವಯಸ್ಸಾಯ್ತು ಅಂತ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತೆ, ಹಾಗಾಗಿ ಹೃದಯದ ತೊಂದರೆ ಇರುವವರು ನಸುಕಿನ ಸ್ನಾನ, ವಾಕಿಂಗ್ ಎಲ್ಲ ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಲಿ. ಒಂದು ಕ್ವಾರ್ಟರ್ ಹಾಕಿದರೆ ಚಳಿ ಹೋಗುತ್ತೆ ಅನ್ನೋದು ಸುಳ್ಳು. ಕುಡಿದರೆ ಚರ್ಮ ಬೆಚ್ಚಗಾದ ಹಾಗೆ ಅನ್ನಿಸುತ್ತೆ ಅಷ್ಟೇ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತೆ.

ತೋಟದ ಮಾಲೀಕರಿಗೂ ಒಂದು ಮಾತು. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಕಾರ್ಮಿಕರನ್ನು ಮಳೆ, ಚಳಿಯಿಂದ ಕಾಪಾಡಲು ಛತ್ರಿ, ಕಂಬಳಿ, ರೇನ್‌ಕೋಟು ಕೊಡಿಸುವ ನಿಯಮ ಮಾಡಲು ಸರ್ಕಾರಕ್ಕೆ ಅವಕಾಶ ಇಟ್ಟಿದ್ದರು. ಎಪ್ಪತ್ತು ವರ್ಷದ ಹಿಂದೆಯೇ ಯಾರೋ ಇದನ್ನು ಯೋಚಿಸಿದ್ದರು. ಹಣ್ಣು ಕುಯ್ಯೋಕೆ ದೂರದ ಊರಿಂದ ಬಂದವರು ಮಾತ್ರ ಪ್ಲಾಸ್ಟಿಕ್ ಹಾಸಿ ಮಲಗುತ್ತಿದ್ದಾರೆ. ಲೈನ್ ಮನೆಗೆ ಈ ವಾರ ಒಂದು ಸಲ ರಾತ್ರಿ ಎಂಟರ ಮೇಲೆ ಹೋಗಿ ನೋಡಿ. ಶೀಟಿನ ಕೆಳಗೆ ಒಂದು ಸೀಲಿಂಗ್ ಬಡಿಸಿ, ಮರದ ಹಲಗೆಯ ಮಂಚ ಹಾಕಿಸಿ, ಕೆಂಡದ ವಿಷಯವನ್ನು ಅವರ ಭಾಷೆ ಬಲ್ಲವರಿಂದ ಹೇಳಿಸಿ.

ನಾವು ಕೆಲವು ಗೆಳೆಯರು ಈ ಭಾನುವಾರ ಆಲ್ದೂರು ಕಡೆ ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಹೋಗುತ್ತಿದ್ದೇವೆ. ಅಟ್ಟದಲ್ಲಿ ಹಳೇ ಮಂಚ, ಹತ್ತಿ ಹಾಸಿಗೆ ಬಿದ್ದಿದ್ದರೆ ಮೆಸೇಜ್ ಮಾಡಿ. ಜೀಪ್ ನಮ್ಮದೇ ಇದೆ, ಬಂದು ತೆಗೆದುಕೊಂಡು ಹೋಗುತ್ತೇವೆ. ನಿಮ್ಮ ಪಕ್ಕದ ಮನೆಯಲ್ಲೇ ಯಾರಾದರೂ ಒಬ್ಬರೇ ಇದ್ದರೆ ನಮಗೆ ಕಾಯಬೇಡಿ, ಇವತ್ತು ಸಂಜೆಯೇ ಹೋಗಿ ಬನ್ನಿ.