ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನೇ ಅವನು

ಅಲ್ರೀ, ಒಂದು ಮಾತು ಮೊದಲೇ ಹೇಳೋಕೆ ಬಾಯಿ ಇರ್ಲಿಲ್ವಾ?

ಬೆಳಗಿನ ಪ್ರಾರ್ಥನೆ, ಕ್ರೈಸ್ತ ಕಾರ್ಯಕ್ರಮ ಮಾಡೋ ಸಂಸ್ಥೆಯ ಸ್ಟುಡಿಯೋ ಒಳಗೇ. ಅವನು ಅಲ್ಲಿನ ಸೌಂಡ್ ಎಡಿಟರ್. ರೆಕಾರ್ಡಿಂಗ್ ಇತ್ತು, ಮೈಕಿಗೆ ಗುಂಯ್ ಅನ್ನೋ ಸದ್ದು ಹೋಗಬಾರದು ಅಂತ ಎಸಿ ಆರಿಸಿಟ್ಟಿದ್ದವನೂ ಅವನೇ. ದೊಡ್ಡವರು ಬೈಬಲಿನ ರೋಮಾಪುರದವರಿಗೆ 8:28 ಓದಿದರು, ಎಲ್ಲವೂ ಒಳ್ಳೇದಕ್ಕೇ ಆಗುತ್ತೆ ಅನ್ನೋ ವಚನ. ಆಮೇಲೆ ಕಣ್ಮುಚ್ಚಿಕೊಂಡೇ, 'ಕರ್ತನೇ, 9 ವರ್ಷ ಇಲ್ಲಿ ದುಡಿದ ನಿನ್ನ ಮಗನಿಗೆ ಹೊಸ ಬಾಗಿಲು ತೆರೆ' ಅಂದರು. 9 ವರ್ಷ ಆದವರು ಆ ಕೋಣೆಯಲ್ಲಿ ಇನ್ನೊಬ್ಬರಿಲ್ಲ. ಆದರೂ ಅವನಿಗೆ ಹೊಳೀಲಿಲ್ಲ. ಆಮೆನ್ ಅಂದ. ಕಣ್ಣು ಬಿಟ್ಟರೆ ಎಲ್ಲರೂ ಅವನ್ನೇ ನೋಡ್ತಿದಾರೆ, ಅಕೌಂಟ್ಸ್ ಸಿಸ್ಟರ್ ಕೈಯಲ್ಲಿ ಕವರ್. ದೇವರಿಗೆ ತಿಳಿಸಿದ ಮೇಲೆ ನೌಕರನಿಗೆ ತಿಳಿಸೋದು ಯಾಕೆ, ಅಲ್ವಾ? ಆಮೆನ್ ಅಂದ ಬಾಯಿ ಹಾಗೇ ತೆರೆದಿತ್ತು ಪಾಪ. ಒಬ್ಬರು ಬಂದು ಭುಜ ತಟ್ಟಿ 'ಹಾರ್ಡ್ ಡಿಸ್ಕ್ ಎಲ್ಲಿಟ್ಟಿದ್ದೀರಿ ಬ್ರದರ್' ಅಂತ ಕೇಳಿದರು.

ಕೆಲಸದಿಂದ ತೆಗೆದದ್ದಕ್ಕೆ ಕಾರಣ? ವಿದೇಶಿ ದೇಣಿಗೆ. ಆ ಕಾಯ್ದೆಗೆ ಆದ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನ ಶೇ. 50ರಿಂದ 20ಕ್ಕೆ ಇಳಿಸ್ತು, ಒಂದು ಸಂಸ್ಥೆಗೆ ಬಂದ ಹಣ ಇನ್ನೊಂದಕ್ಕೆ ದಾಟಿಸೋದನ್ನೂ ನಿಲ್ಲಿಸ್ತು. ಸರಿ, ಕಷ್ಟ ಇದೆ, ಅವರಾದರೂ ಏನ್ ಮಾಡ್ತಾರೆ. ಆದರೆ ಆಸ್ಪತ್ರೆ ಡಾಕ್ಟರ್ ಸಂಬಳ, ಶಾಲೆ ಟೀಚರ್ ಸಂಬಳ ಆಡಳಿತ ವೆಚ್ಚದ ಲೆಕ್ಕಕ್ಕೆ ಬರಲ್ಲ ಅಂತ ಅದೇ ಕಾಯ್ದೆಯ ನಿಯಮ ಹೇಳುತ್ತೆ. ಕಾರ್ಯಕ್ರಮ ಮಾಡೋದೇ ಕೆಲಸವಾದ ಕಡೆ ಎಡಿಟರ್ ಸಂಬಳ ಹೇಗ್ರೀ ಆಡಳಿತ ಆಗುತ್ತೆ? ಆಡಿಟರ್ ಹತ್ರ ಒಂದು ಸಲ ಕೇಳಿದ್ರಾ?

ಗ್ರಾಚ್ಯುಟಿ, ಅದೇ ಕೆಲಸ ಬಿಡೋವಾಗ ಕೊಡಬೇಕಾದ ಹಣ, ಕೇಳಿದ್ರೆ 'ಇದು ಸೇವೆ ಬ್ರದರ್' ಅಂತಾರೆ. ಪಿಎಫ್ ಹಿಡಿಯೋವಾಗ ನೌಕರ, ಕೊಡೋವಾಗ ಸೇವಕ! ಬೇಸಿಕ್ 18,200. ಗ್ರಾಚ್ಯುಟಿ ಲೆಕ್ಕದಂತೆ ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿದ್ರೆ ವರ್ಷಕ್ಕೆ 10,500, 9 ವರ್ಷಕ್ಕೆ 94,500. ಕವರಿನಲ್ಲಿ ಇದ್ದದ್ದು ಆ ತಿಂಗಳ ಸಂಬಳ, ಬೈಬಲ್ ವಚನ ಬರೆದ ಒಂದು ವಾಗ್ದಾನದ ಕಾರ್ಡು. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಇವರು ಹಾಕದಿದ್ದರೆ ಪೂರ್ತಿ ಹಣದ ಅರ್ಜಿ ಮುಂದೆ ಹೋಗಲ್ಲ. ಕೊನೇ ಕಂತು ಬಿದ್ದು 2 ತಿಂಗಳಾದ ಮೇಲೆ ಅವನೇ ಆಧಾರ್ ಓಟಿಪಿ ಕೊಟ್ಟು ಹಾಕ್ಕೋಬಹುದು. ಅಲ್ಲಿವರೆಗೆ ಮನೆ ಬಾಡಿಗೆ? ದಾವಣಗೆರೆಯಲ್ಲಿ ಸೌಂಡ್ ಎಡಿಟ್ ಮಾಡೋನಿಗೆ ಉಳಿಯೋದು ಮದುವೆ ವಿಡಿಯೋ. ಆಷಾಢ ಬಂದರೆ ಅದೂ ಇಲ್ಲ.

ಆ ಕಾರ್ಡಿನಲ್ಲಿ ಯೆರೆಮೀಯ 29:11, ನಿಮಗೆ ಒಳ್ಳೇ ಭವಿಷ್ಯ ಕೊಡ್ತೀನಿ ಅನ್ನೋ ವಚನ. ಒಂದು ವಚನ ಹಿಂದಕ್ಕೆ ಹೋಗ್ರಿ, 10ರಲ್ಲಿ ಅದೂ 70 ವರ್ಷ ಆದ ಮೇಲೆ ಅಂತ ಬರೆದೈತೆ. ಕೂಲಿಯವನ ಕೂಲಿಯನ್ನ ಹೊತ್ತು ಮುಳುಗೋದರೊಳಗೆ ಕೊಡು ಅನ್ನೋ ಧರ್ಮೋಪದೇಶಕಾಂಡ 24:15ಕ್ಕೆ ಯಾರೂ ಕಾರ್ಡ್ ಮಾಡಿಸಲ್ಲ. ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಅಂತ ಬರೀ ಮಾತಾಡಿ ಕಳಿಸೋರ ಬಗ್ಗೆ ಯಾಕೋಬ 2:16 ಏನನ್ನುತ್ತೆ ಅಂತಾನೂ ಗೊತ್ತು ಇವರಿಗೆ, ಎಷ್ಟು ಸಲ ರೆಕಾರ್ಡ್ ಮಾಡಿಲ್ಲ!

ನಗಬೇಕೋ ಅಳಬೇಕೋ, ಆ ಕಾರ್ಡಿನ ಡಿಸೈನೂ ಅವನದ್ದೇ. ಹಳೇ ನುಡಿ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತ್ತು, ರಾತ್ರಿ ಕೂತು ಒಂದೊಂದೇ ಸರಿ ಮಾಡಿದ್ದ. ಇಂಥ ಕಾರ್ಯಕ್ರಮ ಮಾಡೋ ನಾವೇನು ಕಮ್ಮಿ? ಕೆಲಸ ಹೋದೋರಿಗೆ ಅಂತ 15 ನಿಮಿಷದ ಸಮಾಧಾನದ ಕಾರ್ಯಕ್ರಮ ಮಾಡಿ, ಹಿಂದೆ ಕೊಳಲು ಹಾಕಿ ಬಿಡೋರು ನಾವೇ ತಾನೆ.

ಬಿಡ್ರಿ. ಬೈಬಲಿನ ಪ್ರವಾದಿ ಎಲೀಯನಿಗೂ ನೀರು ಕೊಡ್ತಿದ್ದ ಕೆರೀತ್ ಹಳ್ಳ ಬತ್ತಿತ್ತು, ದೇವರು ಬೇರೆ ಊರಿನ ವಿಧವೆ ಮನೆ ತೋರಿಸಿದ. ಇವನಿಗೂ ತೋರಿಸ್ತಾನೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಹಳ್ಳದ ನೀರು ತಿರುಗಿಸಿದವರೇ ಬಂದು ನಂಬಿಕೆ ಇಡು ಅಂದ್ರೆ? ಯಾರಾದ್ರೂ ಹೇಳ್ರಿ, ಪಾಸ್ಟರೋ ಟ್ರಸ್ಟಿಯೋ, ಯಾರಾದ್ರೂ. ಆ 94,500ಕ್ಕೆ ಯಾರು ಜವಾಬ್ದಾರಿ?

ಮಧ್ಯಾಹ್ನ ಗ್ರೂಪಿನಿಂದ ತೆಗೆದರು. ರಾತ್ರಿ 9ಕ್ಕೆ ಮೆಸೇಜು: 'ಬ್ರದರ್, ಚಾನೆಲ್ ಲಾಗಿನ್ ಆಗ್ತಿಲ್ಲ, ನಿಮ್ಮ ನಂಬರಿಗೆ ಓಟಿಪಿ ಬಂದಿರುತ್ತೆ, ಅರ್ಜೆಂಟ್ ಕಳಿಸಿ.'

ಕಳಿಸಿದಾನೆ ಹುಚ್ಚಪ್ಪ. ಜೊತೆಗೆ 'ಸ್ತೋತ್ರ' ಅಂತ ಬೇರೆ.