ಗಾಳ ಹಿಡಿದವನಿಗೇನು ಗೊತ್ತು

ಬೈಂದೂರಿನ ಕಡಲಲ್ಲಿ ಮರೀನಾ ಕಟ್ಟುವ ಯೋಜನೆಯ ಸುದ್ದಿ ಮತ್ತೆ ಕಣ್ಣಿಗೆ ಬಿತ್ತು. ಜೋರಾಗಿ ಓದಿದೆ. ಅಡುಗೆಮನೆಯಿಂದ ನಮ್ಮತ್ತೆ, ‘ಮರೀನಾ ಇರೋದು ಮದ್ರಾಸಲ್ಲಲ್ವಾ? ಇಲ್ಲಿಗ್ಯಾಕೆ ತರ್ತಾರೆ?’ ಅಂದರು.

‘ಅದು ಬೀಚು ಅತ್ತೆ. ಇದು ದುಡ್ಡಿರೋರು ತಮ್ಮ ದೋಣಿ ತಂದು ನಿಲ್ಲಿಸೋ ಜಾಗ.’

‘ಓ, ಸ್ಟ್ಯಾಂಡು.’

ನೂರು ಪುಟದ ಯೋಜನಾ ವರದಿಯೂ ಇಷ್ಟು ಚೆನ್ನಾಗಿ ಹೇಳಲಾರದು. ಸ್ಟ್ಯಾಂಡೇ. ಆದರೆ ಅಂಥ ದೋಣಿಯೇ ಇಲ್ಲದ ಊರಿಗೆ ಮೊದಲು ಸ್ಟ್ಯಾಂಡು ಕಟ್ಟಬೇಕು. ಆಮೇಲೆ ದೋಣಿ ಬರುತ್ತೆ, ದೋಣಿಯ ಹಿಂದೆ ಹೋಟೆಲು ಬರುತ್ತೆ, ಹೋಟೆಲಿನ ಹಿಂದೆ ಅಭಿವೃದ್ಧಿ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬರುತ್ತೆ.

2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಇದನ್ನು ದೇಶದ ಮೊದಲ ಮರೀನಾ ಅಂದಿದ್ದರು. ಕೊಚ್ಚಿಯ ಬೋಲ್ಗಾಟಿಯಲ್ಲಿ 2010ರಿಂದಲೇ ಒಂದು ಮರೀನಾ ಇದೆ. ಅವರೂ ಅದನ್ನ ದೇಶದ ಮೊದಲನೇದು ಅಂತಲೇ ಹೇಳಿಕೊಂಡಿದ್ದು. ಇರಲಿ. ನಮ್ಮಲ್ಲಿ ಮೊದಲನೇದು ಅನ್ನೋದು ಸಂಖ್ಯೆ ಅಲ್ಲ, ಬಿರುದು.

ಮೈಸೂರಿನವನಿಗೆ ಕಡಲಿನ ಉಸಾಬರಿ ಯಾಕೆ ಅಂತೀರಾ? ನ್ಯಾಯ. ನಮ್ಮ ನೀರಿನ ಲೆಕ್ಕವೆಲ್ಲ ಕನ್ನಂಬಾಡಿಯ 124.80 ಅಡಿಯೊಳಗೇ ಮುಗಿಯುತ್ತೆ. ಆದರೆ ನನಗೆ ಗಾಳದ ಚಟ. ಭಾನುವಾರ ಹಿನ್ನೀರಿನ ದಡದಲ್ಲಿ ಎರೆಹುಳು ಡಬ್ಬಿ ಇಟ್ಟುಕೊಂಡು ಕೂರುವ ಜಾತಿ. ವರ್ಷಕ್ಕೊಂದು ಸಲ ಕುಂದಾಪುರದ ಕಡೆ ಗೆಳೆಯನೊಬ್ಬನ ಜೊತೆ ಅಳಿವೆಯಲ್ಲಿ ಕಾಣೆ ಮೀನು ಹಿಡಿಯೋಕೆ ಹೋಗ್ತೀನಿ. ಅವನು ಮೀನುಗಾರನಲ್ಲ. ಬೆಳಿಗ್ಗೆ ಅಂಗಡಿ, ಸಂಜೆ ಗಾಳ.

ಸುದ್ದಿ ಓದಿ ಅವನಿಗೆ ಫೋನ್ ಮಾಡಿದೆ. ‘ಕಾಣೆ ಎಲ್ಲಿರುತ್ತೆ ಹೇಳಿ ಮಾರಾಯ್ರೆ’ ಅಂದ. ಮರಳಲ್ಲಿ. ಬೆದರಿದರೆ ಮರಳೊಳಗೇ ಹೂತುಕೊಳ್ಳೋ ಮೀನು ಅದು. ‘ಆ ಮರಳನ್ನೇ ಹೂಳೆತ್ತೋ ಡ್ರೆಜರ್ ತಂದು ಬಾಚಿದರೆ ಅದು ಎಲ್ಲಿ ಹೂತುಕೊಳ್ಳಬೇಕು? ಇವರ ಕಡತದಲ್ಲಾ?’

ಕಾಣೆ ಕಾಣೆಯಾಗುತ್ತೆ. ಈ ಚಮತ್ಕಾರ ನಂದಲ್ಲ, ಅವನದೇ. ಹೇಳಿ ಅವನೇ ನಗಲಿಲ್ಲ.

ಅವನ ತಕರಾರು ಮರಳಿಗೇ ಮುಗಿಯೋದಿಲ್ಲ. ದೋಣಿ ಅಲುಗಾಡದೆ ನಿಲ್ಲಬೇಕು ಅಂದರೆ ಅಲೆ ತಡೆಯೋ ಗೋಡೆ ಬೇಕು. ಗೋಡೆ ಕಟ್ಟಿದರೆ ದಡದುದ್ದಕ್ಕೂ ಸಾಗೋ ಮರಳು ಒಂದು ಪಕ್ಕ ಗುಡ್ಡೆಯಾಗುತ್ತೆ, ಇನ್ನೊಂದು ಪಕ್ಕ ಕಡಲು ಕೊರೆಯುತ್ತೆ. ಉಳ್ಳಾಲದಲ್ಲಿ ಕಡಲಿಗೆ ಕಲ್ಲು ಸುರಿದು ಸುರಿದು ಸಾಕಾದವರನ್ನು ಕೇಳಿ. ಗೋಡೆಯ ಒಳಗಿನ ನೀರು ಬೇಗ ಬದಲಾಗೋದಿಲ್ಲ. ಚಿಪ್ಪು, ಪಾಚಿ ಅಂಟದಿರಲಿ ಅಂತ ದೋಣಿಯ ತಳಕ್ಕೆ ಬಳಿಯೋ ಬಣ್ಣದಲ್ಲಿ ತಾಮ್ರ ಇರುತ್ತೆ. ಅದೂ ಅಲ್ಲೇ ಉಳಿಯುತ್ತೆ, ಎಂಜಿನ್ ಎಣ್ಣೆಯೂ ಅಲ್ಲೇ. ಮರಿಮೀನು ಬೆಳೆಯೋ ಅಳಿವೆ ಪಕ್ಕದಲ್ಲೇ.

ಇದನ್ನೆಲ್ಲ ಅವನು ಎಲ್ಲಿ ಹೇಳಬೇಕು? ಅದೇ ತಮಾಷೆ. ಬಲೆ ಹಾಕುವವರಿಗೆ ಸಂಘ ಇದೆ, ಸಭೆಗೆ ಕರೀತಾರೆ, ಟೀ ಕೊಡ್ತಾರೆ, ಮಾತು ಕೇಳೋದು ಆಮೇಲಿನ ಪ್ರಶ್ನೆ. ಗಾಳದವನಿಗೆ ಟೀನೂ ಇಲ್ಲ. ಅವನು ‘ಹವ್ಯಾಸಿ’. ಸರ್ಕಾರಿ ಕನ್ನಡದಲ್ಲಿ ಹವ್ಯಾಸಿ ಅಂದರೆ ಮನೆಯಲ್ಲಿ ಹೆಂಡತಿ ಬೈದಿದ್ದಕ್ಕೆ ನೀರಿನ ಹತ್ತಿರ ಬಂದು ಕೂತವನು. ಅವನಿಗೇನು ಗೊತ್ತು?

ಏನು ಗೊತ್ತು ಅಂತ ನಮ್ಮ ಕಡೆಯದೇ ಒಂದು ಕಥೆ ಹೇಳ್ತೀನಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ 120 ಪೌಂಡಿನ ಮಹಶೀರ್ ಮೀನು ಎಳೆದರು. ಅಂದರೆ 54 ಕಿಲೋ. ಸತ್ತ ಹುಲಿ ಚಿರತೆಗಳನ್ನು ಜೀವ ಇದ್ದ ಹಾಗೇ ಮಾಡಿ ನಿಲ್ಲಿಸ್ತಿದ್ದ ಮನೆಯವರು. ಸತ್ತ ಪ್ರಾಣಿಯ ತೂಕದಲ್ಲಿ ಅವರನ್ನು ಯಾರೂ ಏಮಾರಿಸೋ ಹಾಗಿರಲಿಲ್ಲ. ಆ ಮೀನಿಗೆ ಮಳವಳ್ಳಿ ಕಡೆ ಬಿಳಿಮೀನು ಅಂತಾರೆ. ಗಾಳಕ್ಕೆ ಬೇಯಿಸಿದ ರಾಗಿಹಿಟ್ಟಿನ ಉಂಡೆ. ಮುದ್ದೆ ಕಂಡರೆ ಬಿಡದ ಮೀನು, ಮಂಡ್ಯದ್ದಲ್ಲದೆ ಇನ್ನೆಲ್ಲಿಯದು ಸ್ವಾಮಿ?

ಆಮೇಲೆ ಕಾವೇರಿ ದಡದ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆದವು. ಹಿಡಿ, ತೂಗು, ಬರೆದುಕೋ, ನೀರಿಗೆ ಬಿಡು. ನೋಡಿದವರು ‘ತಿನ್ನೋಕಲ್ಲದಿದ್ದರೆ ಹಿಡಿಯೋದ್ಯಾಕೆ’ ಅಂತ ನಕ್ಕರು. ನಾನೂ ನಕ್ಕಿದ್ದೆ. ಮುಂದೆ ವಿಜ್ಞಾನಿಗಳಿಗೆ ದಾರಿ ತೋರಿಸಿದ್ದು ಆ ಬರವಣಿಗೆಯೇ. 1998ರಿಂದ 2012ರವರೆಗಿನ ಗಾಳದ ಲೆಕ್ಕ ತೆಗೆದರೆ, ಹೊರಗಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಏರುತ್ತಿತ್ತು, ನಮ್ಮ ಗೂನುಬೆನ್ನಿನ ಬಿಳಿಮೀನು ಕರಗುತ್ತಿತ್ತು. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನಾಮಕರಣಕ್ಕೂ ಐಸಿಯುಗೂ ಒಂದೇ ಮುಹೂರ್ತ.

ನದಿಯೊಳಗೆ ಏನೋ ಕೆಟ್ಟಿದ್ದು ಮೊದಲು ಗೊತ್ತಾಗಿದ್ದು ಸುಮ್ನೆ ಕೂತಿದ್ದವನ ನೋಟ್‌ಬುಕ್ಕಿಗೆ. ಅಷ್ಟೇ ನಾನು ಹೇಳ್ತಿರೋದು.

ಈಗ ನನಗೆ ತಮಾಷೆ ಸಾಕಾಗಿದೆ. ಯಾವ ನೀರನ್ನೂ ಇವರು ಹಾಗೇ ಬಿಡೋದಿಲ್ಲ. ಕೆರೆಗೆ ಕಾಂಕ್ರೀಟ್ ಅಂಚು, ಅಣೆಕಟ್ಟಿಗೆ ಅಮ್ಯೂಸ್‌ಮೆಂಟ್ ಪಾರ್ಕು, ಕಡಲಿಗೆ ಸ್ಟ್ಯಾಂಡು. ನಮ್ಮ ಮನೆ ಹತ್ತಿರದ ಕೆರೆಯಲ್ಲಿ ಹೋದ ತಿಂಗಳು ನನ್ನ ಗಾಳ ಕಿತ್ತುಕೊಂಡರು. ಪಕ್ಷಿಗಳಿಗೆ ತೊಂದರೆಯಂತೆ. ಹಾಗೆ ಹೇಳಿದವರ ಹಿಂದೆಯೇ ಪೆಡಲ್ ಬೋಟಿನಲ್ಲಿ ಸ್ಪೀಕರ್ ಹಾಕಿಕೊಂಡು ಹುಡುಗರು ಕುಣೀತಿದ್ದರು. ಅವರಿಗೆ ಟಿಕೆಟ್ ಇತ್ತು. ನನಗೆ ಇರಲಿಲ್ಲ. ವ್ಯತ್ಯಾಸ ಅಷ್ಟೇ. ಟಿಕೆಟ್ ಹರಿದರೆ ಪರಿಸರ ಸ್ನೇಹಿ, ಹರಿಯದಿದ್ದರೆ ಅಪರಾಧ.

ನಿನ್ನೆ ರಾತ್ರಿ ಗೆಳೆಯನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹಳೇ ಪೇಪರಿನ ಮೇಲೆ ಎರಡು ಕಾಣೆ. ಪಕ್ಕದಲ್ಲಿ ಮಗಳ ಕಂಪಾಸ್ ಬಾಕ್ಸಿನ ಸ್ಕೇಲು. ಒಂದು ಹದಿನೈದು ಸೆಂಟಿಮೀಟರ್ ದಾಟಿತ್ತು, ಇನ್ನೊಂದು ದಾಟಿರಲಿಲ್ಲ. ಚೀಟಿಯಲ್ಲಿ ತಾರೀಖು, ಇಳಿತದ ಹೊತ್ತು, ಜಾಗ.

‘ಹುರಿಯೋ ಮೊದಲು ಬರೆದಿಟ್ಟೆ ಮಾರಾಯ್ರೆ’ ಅಂತ ಕೆಳಗೆ ಹಾಕಿದ್ದ.