ಮುಗಿದ ಮೇಲೆ ಬಂದ ಆಹ್ವಾನ

ಸೋಮವಾರ ಬೆಳಿಗ್ಗೆ ಆಹ್ವಾನ ಪತ್ರಿಕೆ ಕೈಸೇರಿತು. ಚಿತ್ರಪ್ರದರ್ಶನ ಭಾನುವಾರವೇ ಮುಗಿದಿದೆ! ಅದೂ ನೀರುಬಣ್ಣದ ಚಿತ್ರಗಳು. ಜಾಸ್ತಿ ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ ಅಂತ ಅವನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೂಗುಹಾಕಿ, ಮತ್ತೆ ಕತ್ತಲೆ ಕೋಣೆಗೆ ಸೇರಿಸುತ್ತಾರೆ. ಇನ್ನು ಹೊರಗೆ ಬರುವುದು ಯಾವ ಕಾಲಕ್ಕೋ!

ಸಂಗೀತ ಕಛೇರಿಯ ಪೋಸ್ಟರ್‌ದು ಇನ್ನೊಂದು ಕಥೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಎಲ್ಲರೂ ದಪ್ಪ ಅಕ್ಷರದಲ್ಲಿ, ಫೋಟೊ ಸಮೇತ. ಹಾಡುವವರು ಕೆಳಗಿನ ಮೂಲೆಯಲ್ಲಿ. ಪಕ್ಕವಾದ್ಯದವರ ಹೆಸರಿಗೆ ಭೂತಗನ್ನಡಿಯೇ ಬೇಕು, ಪಾಪ. ಸಮಯ? ಬರೀ ‘ಸಂಜೆ’. ಸಂಜೆ ಅಂದರೆ ಐದೂ ಆಗಬಹುದು, ಏಳೂ ಆಗಬಹುದು, ಅಲ್ವಾ? ಫೋನ್ ಮಾಡಿ ಕೇಳಿದೆ.

“ಪೋಸ್ಟರ್‌ನಲ್ಲೇ ಇದೆಯಲ್ಲ ಸಾರ್, ನೋಡಿ” ಎಂದು ಇಟ್ಟುಬಿಟ್ಟರು.